ಬಾಯಿ ನೋಡಿ ಕಡಿವಾಣ ಹಾಕಿ

ಪುಣೆಯ ಯಾವ ಕುದುರೆ ಲಾಯಕ್ಕೆ ಹೋದರೂ ಒಂದು ಮಾತು ಕಿವಿಗೆ ಬಿದ್ದೇ ಬೀಳುತ್ತದೆ. "ಕುದುರೆ ಎಳೀತಾ ಇದೆಯಾ? ಇನ್ನೂ ಗಟ್ಟಿ ಬಿಟ್ ಹಾಕಿ." ಬಿಟ್ ಅಂದರೆ ಕಡಿವಾಣ, ಲಗಾಮು ಕಟ್ಟಲು ಕುದುರೆಯ ಬಾಯೊಳಗೆ ಅಡ್ಡ ಹಾಕುವ ಲೋಹದ ಸರಳು. ತಲೆ ಒದರಿದರೂ ಅದೇ ಮದ್ದು, ತಿರುಗದೆ ಹಟ ಮಾಡಿದರೂ ಅದೇ ಮದ್ದು. ಮಾರಾಟಕ್ಕಿರುವ ಬಿಟ್‌ಗಳ ಕೆಳಗೂ ಹಾಗೇ ಬರೆದಿರುತ್ತಾರೆ: ಎಳೆಯುವ ಕುದುರೆಗೆ ಇದು, ಬಾಯಿ ತೆರೆಯುವ ಕುದುರೆಗೆ ಅದು.

ನಾನು ಇದನ್ನು ಒಪ್ಪುವುದಿಲ್ಲ. ಬಿಟ್ ಆರಿಸುವಾಗ ಮೊದಲು ನೋಡಬೇಕಾದದ್ದು ಕುದುರೆಯ ಬಾಯಿ. ಅದರ ತಂಟೆ ಆಮೇಲೆ. ಒಂದೇ ತಳಿಯ, ಒಂದೇ ಎತ್ತರದ ಎರಡು ಕುದುರೆಗಳ ಬಾಯಿ ಒಳಗೆ ಪೂರ್ತಿ ಬೇರೆ ಇರಬಹುದು. ಒಂದರ ನಾಲಿಗೆ ದಪ್ಪ, ಇನ್ನೊಂದರದು ತೆಳು. ಒಂದರ ಅಂಗುಳ ತಗ್ಗು, ಇನ್ನೊಂದರದು ಎತ್ತರ. ಆ ಬಾಯಿಗೆ ಹೊಂದದ್ದನ್ನು ಹಾಕಿ, ಮೇಲೆ ಕೂತು ಎಳೆದರೆ ಅದು ಬೇರೆ ಏನು ಮಾಡೀತು?

ನಾನು ಧಾರವಾಡದವಳು. ಮದುವೆಯಾಗಿ ಪುಣೆಗೆ ಬಂದು ಪಾಷಾಣ್ ಬಡಾವಣೆಯಲ್ಲಿ ನೆಲೆಸಿದ್ದೇನೆ. ಮುಳಶಿ ಕಡೆಯ ಒಂದು ಚಿಕ್ಕ ಲಾಯದಲ್ಲಿ ಗೆಳತಿಯೊಬ್ಬಳ ಜೊತೆ ಪಾಲಿನಲ್ಲಿ ಒಂದು ಹೆಣ್ಣು ಕುದುರೆ ಸಾಕುತ್ತಿದ್ದೇನೆ. ರೇಸ್ ಬಿಟ್ಟು ಬಂದ ಥರೋಬ್ರೆಡ್ ತಳಿಯವಳು. ಲಾಯದಲ್ಲಿ ಎಲ್ಲರೂ ಅವಳನ್ನು ಕಸ್ತೂರಿ ಅಂತ ಕರೆಯುತ್ತಾರೆ. ಈ ಬರಹದ ಮುಕ್ಕಾಲು ಪಾಲು ಅವಳ ಬಾಯಿಂದಲೇ ಕಲಿತದ್ದು. ಉಳಿದದ್ದನ್ನು ಕಲಿಸಿದವರು ನಮ್ಮ ಕುದುರೆ ಡಾಕ್ಟರು ಮತ್ತು ಲಾಯದ ಕಾಕಾ. ಕಾಕಾ ವಿಜಯಪುರ ಜಿಲ್ಲೆಯ ಇಂಡಿ ಕಡೆಯವರು. ಚಿಕ್ಕಂದಿನಿಂದ ಕುದುರೆ ನೋಡಿಕೊಂಡೇ ಬೆಳೆದವರು. ನಾನು ಕನ್ನಡದವಳು ಅಂತ ಗೊತ್ತಾದ ದಿನದಿಂದ ನನ್ನ ಜೊತೆ ಮರಾಠಿ ಬಿಟ್ಟೇಬಿಟ್ಟರು.

ಇಲ್ಲಿನ ಸವಾರಿ ಶಾಲೆಗಳಲ್ಲಿ ರೇಸ್ ಬಿಟ್ಟ ಕುದುರೆಗಳು ಜಾಸ್ತಿ. ಕಾರಣ ಸುಲಭ. ಚಳಿಗಾಲದಲ್ಲಿ ಮುಂಬೈಯ ಮಹಾಲಕ್ಷ್ಮಿಯಲ್ಲಿ ರೇಸ್, ಮಳೆಗಾಲದಲ್ಲಿ ಪುಣೆಯಲ್ಲಿ ರೇಸ್. ಎರಡೂ ಊರುಗಳ ನಡುವೆ ಕುದುರೆಗಳು ಓಡಾಡುತ್ತಲೇ ಇರುತ್ತವೆ. ಓಟ ಸಾಕಾದವು ಕಡಿಮೆ ಬೆಲೆಗೆ ಸಿಗುತ್ತವೆ. ಒಳ್ಳೆಯ ಪ್ರಾಣಿಗಳು, ಚುರುಕು, ಮನುಷ್ಯರ ಒಡನಾಟ ಗೊತ್ತಿರುವವು. ಆದರೆ ಅವು ಎರಡನೇ ವಯಸ್ಸಿನಿಂದಲೇ ಕಲಿತ ಒಂದು ಪಾಠ ಇದೆ. ಜಾಕಿ ಲಗಾಮನ್ನು ಬಿಗಿ ಹಿಡಿದು ಕುತ್ತಿಗೆಯ ಮೇಲೆ ಊರುತ್ತಾನೆ. ಕುದುರೆ ಆ ಹಿಡಿತದ ಮೇಲೆ ಭಾರ ಹಾಕಿ ಓಡುತ್ತದೆ. ಅಂದರೆ ಬಾಯಲ್ಲಿ ಬಿಗಿ ಬಂತು ಅಂದರೆ ಅದರ ಲೆಕ್ಕದಲ್ಲಿ ಓಡು ಅಂತ. ನಾವು ಹೆದರಿ ಎಳೆದಷ್ಟೂ ಅದು ವಿಧೇಯವಾಗಿ ಓಡುತ್ತದೆ. ಇದಕ್ಕೆ ಹಟಮಾರಿ ಅನ್ನುತ್ತೇವಲ್ಲ, ಅದು ನನಗೆ ಬಹಳ ನೋವಿನ ವಿಷಯ. ಕಲಿಸಿದ್ದನ್ನೇ ಅದು ಮಾಡುತ್ತಿದೆ.

ಅಂಥ ಕುದುರೆಗೆ ಇನ್ನೂ ಗಟ್ಟಿ ಬಿಟ್ ಹಾಕಿದರೆ ಎರಡು ದಿನ ನಿಲ್ಲುತ್ತದೆ. ನೋವು ಹೊಸದು, ಅದಕ್ಕೆ. ಮೂರನೇ ದಿನ ಆ ನೋವಿನಿಂದಲೇ ಓಡಲು ಶುರು ಮಾಡುತ್ತದೆ. ಆಗ ಅದಕ್ಕಿಂತ ಗಟ್ಟಿ ಇನ್ನೊಂದು. ಇದಕ್ಕೆ ಕೊನೆಯೇ ಇಲ್ಲ.

ಕಸ್ತೂರಿ ಬಂದ ಹೊಸತರಲ್ಲಿ ಎಡಕ್ಕೆ ತಿರುಗಿಸಿದಾಗೆಲ್ಲ ತಲೆ ಎತ್ತಿ ಒದರುತ್ತಿದ್ದಳು. ಬಲಕ್ಕೆ ತಿರುಗುವಾಗ ಏನೂ ಇಲ್ಲ. ಒಬ್ಬ ಅನುಭವಿ ತರಬೇತುದಾರರು ನೋಡಿ, ಪೆಲ್‌ಹಮ್ ಅನ್ನುವ ಸರಪಳಿಯ ಗಟ್ಟಿ ಬಿಟ್ ಹಾಕಿಬಿಡಿ, ಒಂದೇ ವಾರದಲ್ಲಿ ದಾರಿಗೆ ಬರುತ್ತಾಳೆ ಅಂದರು. ಕಾಕಾ ಅವರ ಎದುರಿಗೆ ಏನೂ ಹೇಳಲಿಲ್ಲ. ಅವರು ಹೋದ ಮೇಲೆ ಹೇಳಿದರು: "ಅಕ್ಕಾರ, ಬಲಕ್ಕ ಸುಮ್ನ ಹೊಳ್ಳತಾಳ, ಎಡಕ್ಕಷ್ಟ ಯಾಕ ಒದರತಾಳ? ಒಳಗ ಏನರ ಚುಚ್ಚಾಕತ್ತಿರಬೇಕ್ರಿ. ಮೊದಲ ಬಾಯಿ ನೋಡೋಣು."

ಕುದುರೆಯ ಬಾಯಿ ತೆರೆಸುವುದನ್ನು ಹತ್ತಿರದಿಂದ ನೋಡಿದವರು ಕಡಿಮೆ ಇರಬಹುದು. ಕಾಕಾ ಎಡಗೈಯನ್ನು ಕಸ್ತೂರಿಯ ಮೂಗಿನ ಮೇಲೆ ಹಗುರವಾಗಿ ಇಟ್ಟರು. ಬಲಗೈ ಹೆಬ್ಬೆರಳನ್ನು ಕಟವಾಯಿಯಿಂದ ಒಳಗೆ ತೂರಿಸಿದರು. ಅಲ್ಲಿ ಹಲ್ಲಿಲ್ಲ. ಮುಂದಿನ ಹಲ್ಲುಗಳ ಸಾಲು ಮುಗಿದ ಮೇಲೆ ದವಡೆ ಹಲ್ಲು ಶುರುವಾಗುವವರೆಗೂ ಬರೀ ವಸಡು. ನಮ್ಮ ಬಿಟ್ ಕೂರುವುದು ಅಲ್ಲೇ. ಹೆಬ್ಬೆರಳು ಆ ವಸಡನ್ನು ಮುಟ್ಟಿದ ಕೂಡಲೇ ಅವಳು ಬಾಯಿ ಆಡಿಸಿ ತೆರೆದಳು. "ಬೆರಳ ಹಾಕ್ರಿ, ಹೆದರಬ್ಯಾಡ್ರಿ" ಅಂದರು. ಹಾಕಿದೆ. ಬೆಚ್ಚಗೆ, ಒದ್ದೆ. ಕೆಳದವಡೆಯ ಅಂಚು ಎಷ್ಟು ತೆಳು ಅಂದರೆ ನನಗೆ ನಂಬಲಾಗಲಿಲ್ಲ. ಚರ್ಮದ ಕೆಳಗೆ ನೇರ ಎಲುಬು. ನಡುವೆ ಮೆತ್ತನೆಯ ಮಾಂಸ ಅನ್ನುವುದೇ ಇಲ್ಲ. ನಮ್ಮ ಮೊಣಕಾಲಿನ ಕೆಳಗೆ ಮುಂಭಾಗದ ಎಲುಬನ್ನು ಬೆರಳಿನಿಂದ ಒತ್ತಿ ನೋಡಿಕೊಳ್ಳಿ, ಅಂದಾಜು ಸಿಗುತ್ತದೆ. ಆ ಅಂಚಿನ ಮೇಲೆ ನಾವು ಉಕ್ಕಿನ ಸರಳು ಇಟ್ಟು ಎರಡೂ ಕೈಯಿಂದ ಎಳೆಯುತ್ತೇವೆ.

ಆಮೇಲೆ ಡಾಕ್ಟರು ಬಂದು ಬಾಯಿ ತೆರೆದಿಡುವ ಚೌಕಟ್ಟು ಹಾಕಿ, ಟಾರ್ಚ್ ಬಿಟ್ಟು ಒಳಗೆಲ್ಲ ನೋಡಿದರು. ಎಡಗಡೆ ಮೇಲಿನ ದವಡೆ ಹಲ್ಲುಗಳ ಹೊರ ಅಂಚು ಚೂಪಾಗಿತ್ತು. ಅದರ ಎದುರಿಗೆ ಕೆನ್ನೆಯ ಒಳಗೆ ಹುಣ್ಣು. ಕುದುರೆಯ ದವಡೆ ಹಲ್ಲು ವರ್ಷಕ್ಕೆ 2-3 ಮಿಲಿಮೀಟರ್‌ನಂತೆ ವಸಡಿನಿಂದ ಮೇಲೆ ಬರುತ್ತಲೇ ಇರುತ್ತದೆ, ಅಗಿಯುವಾಗ ಸವೆಯುತ್ತಲೇ ಇರುತ್ತದೆ. ಮೇಲಿನ ದವಡೆ ಕೆಳಗಿನದಕ್ಕಿಂತ ಅಗಲ. ಹಾಗಾಗಿ ಸವೆತ ಸಮ ಆಗುವುದಿಲ್ಲ. ಮೇಲಿನ ಹಲ್ಲು ಕೆನ್ನೆ ಕಡೆ ಚೂಪಾಗುತ್ತದೆ, ಕೆಳಗಿನದು ನಾಲಿಗೆ ಕಡೆ. ಲಗಾಮು ಎಳೆದಾಗ ಕೆನ್ನೆ ಆ ಚೂಪಿಗೆ ಒತ್ತುತ್ತದೆ. ಡಾಕ್ಟರು ಉದ್ದ ಹಿಡಿಯ ಅರದಿಂದ ಉಜ್ಜಿ ಅಂಚು ನುಣುಪು ಮಾಡಿದರು. ಹುಣ್ಣು ಮಾಯುವವರೆಗೂ ಬಾಯಿಗೆ ಏನೂ ಹಾಕಬೇಡಿ ಅಂದರು. ಬರೀ ಹಾಲ್ಟರ್ ಹಾಕಿ ಕೈಯಲ್ಲಿ ಹಿಡಿದು ನಡೆಸಿದೆವು. ಮತ್ತೆ ಸವಾರಿ ಶುರು ಮಾಡಿದಾಗ ಎಡಗಡೆಯ ಒದರಾಟ ಮುಕ್ಕಾಲು ಪಾಲು ಹೋಗಿತ್ತು. ಅಷ್ಟೊತ್ತಿಗೆ ನಾವಿನ್ನೂ ಬಿಟ್ ಬದಲಿಸಿರಲೇ ಇಲ್ಲ!

ಹಲ್ಲಿನ ವಿಷಯದಲ್ಲಿ ಇನ್ನೂ ಎರಡು ಮಾತು. ದವಡೆ ಹಲ್ಲಿನ ಮುಂದೆ ಕೆಲವು ಕುದುರೆಗಳಿಗೆ ಒಂದು ಪುಟ್ಟ ಹಲ್ಲು ಇರುತ್ತದೆ, ವುಲ್ಫ್ ಟೂತ್ ಅಂತ. ಸಾಮಾನ್ಯವಾಗಿ ಮೇಲಿನ ದವಡೆಯಲ್ಲಿ. ಅಗಿಯಲು ಬೇಕಿಲ್ಲ, ಬಿಟ್ ತಾಗಿದರೆ ಮಾತ್ರ ನೋವು. ಡಾಕ್ಟರು ನೋಡಿ ಬೇಕಿದ್ದರೆ ತೆಗೆಯುತ್ತಾರೆ. ಇನ್ನೊಂದು, ಕುದುರೆಗೆ ಐದು ವರ್ಷ ಆಗುವವರೆಗೂ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರುತ್ತಲೇ ಇರುತ್ತವೆ. ಗಂಡು ಕುದುರೆಗೆ ಕೋರೆ ಹಲ್ಲು ಮೂಡುವುದು ನಾಲ್ಕೈದನೇ ವರ್ಷದಲ್ಲಿ. ಮೂರು-ನಾಲ್ಕು ವರ್ಷದ ಮರಿ ಇದ್ದಕ್ಕಿದ್ದಂತೆ ಬಿಟ್ ಬೇಡ ಅಂದರೆ ಅದನ್ನು ಸೊಕ್ಕು ಅಂತ ತಿಳಿಯಬೇಡಿ. ವಸಡು ನೋಯುತ್ತಿರಬಹುದು ಅಲ್ವಾ?

ಹಲ್ಲು ಸರಿಯಾದ ಮೇಲೆ ಅಳತೆ. ಇದಕ್ಕೆ ಖರ್ಚೇ ಇಲ್ಲ. ಕಾಕಾ ಒಂದು ಸುತಳಿ ತಗೊಂಡು ಒಂದು ತುದಿಗೆ ಗಂಟು ಹಾಕಿದರು. ಬಿಟ್ ಕೂರುವ ಜಾಗದಲ್ಲೇ ಬಾಯಿ ಮೂಲಕ ಹಾಯಿಸಿ, ಗಂಟನ್ನು ಒಂದು ಕಟವಾಯಿಗೆ ತಾಗಿಸಿ, ಇನ್ನೊಂದು ಕಟವಾಯಿಯ ಹೊರಗೆ ಎರಡನೇ ಗಂಟು ಹಾಕಿದರು. ಸುತಳಿಯನ್ನು ತುಟಿ ಒಳಗೆ ಹೋಗುವಷ್ಟು ಬಿಗಿ ಎಳೆಯಬಾರದು, ಜೋತು ಬೀಳಲೂಬಾರದು. ನಮ್ಮದು ಐದು ಇಂಚಿಗೆ ಚೂರು ಕಡಿಮೆ ಬಂತು. ಅವಳ ಜೊತೆ ಬಂದಿದ್ದ ಬಿಟ್ ಐದೂವರೆ ಇಂಚಿನದು. ಅಷ್ಟು ದೊಡ್ಡದಾದರೆ ಬಾಯಲ್ಲಿ ಎಡಕ್ಕೂ ಬಲಕ್ಕೂ ಜಾರುತ್ತದೆ. ನಡುವಿನ ಕೀಲು ನಡುವೆ ಇರುವುದಿಲ್ಲ, ಒಂದು ಕಡೆಯ ವಸಡಿನ ಮೇಲೆ ಬಂದು ಕೂರುತ್ತದೆ. ಚಿಕ್ಕದಾದರೆ ಕೆನ್ನೆ ಚಿವುಟಿ ಕಟವಾಯಿ ಸುಲಿಯುತ್ತದೆ.

ಅಂಗಡಿಯಲ್ಲಿ ಬಿಟ್ ಅಳೆಯುವಾಗ ಅದನ್ನು ಮೇಜಿನ ಮೇಲೆ ನೇರ ಮಲಗಿಸಿ, ಲಗಾಮು ಕಟ್ಟುವ ಒಂದು ಬಳೆಯ ಒಳ ಅಂಚಿನಿಂದ ಇನ್ನೊಂದರ ಒಳ ಅಂಚಿಗೆ ಹಿಡಿಯಬೇಕು. ಬಳೆ ಸೇರಿಸಿ ಅಳೆದರೆ ಎಲ್ಲ ತಪ್ಪುತ್ತದೆ. ಬಳೆ ತೂತಿನಲ್ಲಿ ತಿರುಗುವ ಲೂಸ್ ರಿಂಗ್ ಆದರೆ ಎರಡೂ ಕಡೆ ಕಾಲಿಂಚು ಜಾಗ ಬಿಡಿ, ಇಲ್ಲದಿದ್ದರೆ ತುಟಿ ಸಿಕ್ಕಿಕೊಳ್ಳುತ್ತದೆ. ಬಳೆ ಭದ್ರವಾಗಿ ಕೂತಿರುವ ಎಗ್‌ಬಟ್ ಅಥವಾ ಡಿ-ರಿಂಗ್ ಆದರೆ ಅದಕ್ಕಿಂತ ಕಡಿಮೆ ಸಾಕು. ಥರೋಬ್ರೆಡ್‌ಗೆ ಬಹುಪಾಲು ಐದು ಇಂಚಿನ ಆಸುಪಾಸು ಹೊಂದುತ್ತದೆ. ಹಾಗಂತ ಅಳೆಯದೆ ತರಬೇಡಿ.

ದಪ್ಪದ ವಿಷಯದಲ್ಲಿ ಒಂದು ಹಳೇ ನಂಬಿಕೆ ಇದೆ. ದಪ್ಪ ಇದ್ದಷ್ಟೂ ಮೃದು ಅಂತ. ಒತ್ತಡ ಹೆಚ್ಚು ಜಾಗಕ್ಕೆ ಹಂಚಿಕೆಯಾಗುತ್ತದೆ ಅನ್ನುವುದು ನಿಜವೇ. ಆದರೆ ಬಾಯಿ ಮುಚ್ಚಿದಾಗ ಒಳಗೆ ಖಾಲಿ ಜಾಗ ಅನ್ನುವುದೇ ಇರುವುದಿಲ್ಲ, ನಾಲಿಗೆಯೇ ಎಲ್ಲ ತುಂಬಿಕೊಂಡಿರುತ್ತದೆ. ಹಿಲರಿ ಕ್ಲೇಟನ್ ಅನ್ನುವ ಪಶುವೈದ್ಯ ಸಂಶೋಧಕಿ 1980ರ ದಶಕದಲ್ಲೇ ಬಿಟ್ ಹಾಕಿದ ಕುದುರೆಗಳ ಬಾಯನ್ನು ಚಲಿಸುವ ಎಕ್ಸ್‌ರೇಯಲ್ಲಿ ನೋಡಿದ್ದರು. ಬಾಯೊಳಗೆ ಬಿಟ್‌ಗೆ ಇರುವ ಜಾಗ ನಾವು ಅಂದುಕೊಂಡಿದ್ದಕ್ಕಿಂತ ಬಹಳ ಕಡಿಮೆ ಅಂತ ಅದರಿಂದ ಗೊತ್ತಾಯಿತು. 18-20 ಮಿಲಿಮೀಟರ್ ದಪ್ಪದ ಸರಳನ್ನು ಸಣ್ಣ ಬಾಯಿಗೆ ತುರುಕಿದರೆ ಅದು ಬಾಯಿ ಮುಚ್ಚಲಾಗದೆ ಒದ್ದಾಡುತ್ತದೆ. ನಾವು ಅದಕ್ಕೆ ಬಾಯಿ ತೆರೆಯುವ ಚಾಳಿ ಅನ್ನುತ್ತೇವೆ. ತೀರಾ ತೆಳುವಾದದ್ದೂ ಬೇಡ, ಅದು ಕೊರೆಯುತ್ತದೆ. ಡ್ರೆಸಾಜ್ ಅನ್ನುವ ಶಿಸ್ತಿನ ಸವಾರಿ ಸ್ಪರ್ಧೆಯ ಅಂತರರಾಷ್ಟ್ರೀಯ ನಿಯಮದಲ್ಲಿ ಕುದುರೆಗೆ ಹಾಕುವ ಸ್ನ್ಯಾಫಲ್ ಅನ್ನುವ ಸಾದಾ ಬಿಟ್ ಕನಿಷ್ಠ 14 ಮಿಲಿಮೀಟರ್ ಇರಬೇಕು ಅಂತ ಇದೆ. ನಮ್ಮಂಥವರಿಗೂ 14ರಿಂದ 16ರ ನಡುವಿನದು ಒಳ್ಳೆಯ ಶುರು.

ಜಾಗ ನೋಡುವ ಒಂದು ಉಪಾಯ ಇದೆ. ಎರಡು ಬೆರಳು ಜೋಡಿಸಿ, ಹಲ್ಲಿಲ್ಲದ ಕಡೆಯಿಂದ ಒಳಗಿಟ್ಟು, ಕುದುರೆ ಬಾಯಿ ಮುಚ್ಚುವವರೆಗೆ ಕಾಯಿರಿ. ಬೆರಳಿಗೆ ಮೇಲೂ ಕೆಳಗೂ ಬಿಗಿ ಒತ್ತಿದರೆ ಜಾಗ ಕಡಿಮೆ ಅಂತ ಅರ್ಥ. ತುಟಿ ಸ್ವಲ್ಪ ಸರಿಸಿ ನೋಡಿದಾಗ ನಾಲಿಗೆ ಪಕ್ಕಕ್ಕೆ ಉಬ್ಬಿ ಬಂದಿದ್ದರೆ ಅದು ದಪ್ಪ ನಾಲಿಗೆ. ಕಸ್ತೂರಿಯದು ಹಾಗೇ.

ಈಗ ಯಾವ ಬಗೆ ಅನ್ನುವುದಕ್ಕೆ ಬರುತ್ತೇನೆ. ಲಗಾಮನ್ನು ನೇರ ಬಳೆಗೆ ಕಟ್ಟುವ ಬಿಟ್ ಸ್ನ್ಯಾಫಲ್. ಕೈ ಎಷ್ಟು ಎಳೆಯಿತೋ ಅಷ್ಟೇ ಬಾಯಿಗೆ ಹೋಗುತ್ತದೆ. ಸಾಮಾನ್ಯ ಸವಾರಿಗೆ ಇದಕ್ಕಿಂತ ಬೇರೆ ಬೇಕಿಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಒಂದೇ ಕೀಲಿನ ಸ್ನ್ಯಾಫಲ್ ಎಲ್ಲ ಕಡೆ ಸಿಗುತ್ತದೆ, ಅಗ್ಗ. ಆದರೆ ಎರಡೂ ಲಗಾಮು ಒಟ್ಟಿಗೆ ಎಳೆದಾಗ ಅದು ಮಡಚಿ, ಅಡಕೊತ್ತಿನ ಹಾಗೆ ನಾಲಿಗೆಯನ್ನೂ ದವಡೆ ಅಂಚನ್ನೂ ಎರಡು ಕಡೆಯಿಂದ ಒತ್ತುತ್ತದೆ. ಎರಡು ಕೀಲಿನದರಲ್ಲಿ ನಡುವೆ ಒಂದು ಪುಟ್ಟ ದುಂಡು ತುಂಡು ಇರುತ್ತದೆ. ಅದು ನಾಲಿಗೆಯ ಮೇಲೆ ಹರಡಿಕೊಂಡು ಕೂರುತ್ತದೆ, ಹಿಂಡುವುದು ಕಡಿಮೆ. ಕೀಲೇ ಇಲ್ಲದೆ ಸ್ವಲ್ಪ ಬಾಗಿದ ಸರಳು ಮಲನ್. ಬಾಯಲ್ಲಿ ಏನೂ ಅಲುಗಾಡಬಾರದು ಅನ್ನುವ ಕುದುರೆಗೆ ಅದು ಚೆನ್ನ. ಆದರೆ ಒಂದೊಂದು ಕಡೆಗೂ ಬೇರೆ ಬೇರೆ ಸೂಚನೆ ಕೊಡುವುದು ಅದರಲ್ಲಿ ಕಷ್ಟ.

ಇಲ್ಲಿ ಒಂದು ಎಚ್ಚರಿಕೆ. ಎರಡು ಕೀಲಿನವು ಎಲ್ಲವೂ ಒಂದೇ ಅಲ್ಲ. ಫ್ರೆಂಚ್ ಲಿಂಕ್‌ನಲ್ಲಿ ನಡುವಿನ ಚಪ್ಪಟೆ ತುಂಡು ನಾಲಿಗೆ ಮೇಲೆ ಮಲಗಿಕೊಳ್ಳುತ್ತದೆ. ಡಾಕ್ಟರ್ ಬ್ರಿಸ್ಟಲ್ ಅನ್ನುವುದರಲ್ಲಿ ಅದೇ ಥರದ ತುಂಡು ಓರೆಯಾಗಿ ಕೂತು, ಅದರ ಅಂಚು ನಾಲಿಗೆಗೆ ಒತ್ತುತ್ತದೆ. ನೋಡಲು ಅಣ್ಣತಮ್ಮ, ಕೆಲಸ ಪೂರ್ತಿ ಬೇರೆ. ಕೆಲವೊಮ್ಮೆ ಒಂದರ ಹೆಸರಿನಲ್ಲಿ ಇನ್ನೊಂದನ್ನು ಮಾರುತ್ತಾರೆ. ಕೈಯಲ್ಲಿ ಹಿಡಿದು, ಬಾಯಲ್ಲಿ ಇರುವ ಹಾಗೆ ತೂಗುಹಾಕಿ, ನಡುವಿನ ತುಂಡು ಹೇಗೆ ಬೀಳುತ್ತದೆ ಅಂತ ನೋಡದೆ ದುಡ್ಡು ಕೊಡಬೇಡಿ.

ದಪ್ಪ ನಾಲಿಗೆಯ ಕಸ್ತೂರಿಗೆ ನಾವು ಆರಿಸಿದ್ದು ಎರಡು ಕೀಲಿನ ಎಗ್‌ಬಟ್. ಉಕ್ಕಿನದು, ನಡುವಿನ ತುಂಡು ತಾಮ್ರದ್ದು. ಎಗ್‌ಬಟ್ ಯಾಕೆ ಅಂದರೆ ಅದು ಬಾಯಲ್ಲಿ ಸುಮ್ನೆ ಕೂರುತ್ತದೆ. ರೇಸ್‌ನಿಂದ ಬಂದ ಕುದುರೆಗೆ ಬಾಯಲ್ಲಿ ಶಾಂತಿ ಅನ್ನುವುದು ಹೊಸ ಅನುಭವ, ಅದು ಮೊದಲು ಸಿಗಲಿ ಅಂತ. ಹಾಗಂತ ಎರಡು ಕೀಲಿನದೇ ಎಲ್ಲರಿಗೂ ಸರಿ ಅಂತಲ್ಲ. ಪಕ್ಕದ ಕೊಟ್ಟಿಗೆಯ ಮಾರವಾಡಿ ತಳಿಯ ಗಂಡು ಕುದುರೆಗೆ ನಾಲಿಗೆ ಮೇಲೆ ಏನು ಒತ್ತಿದರೂ ಆಗುವುದಿಲ್ಲ. ನಾಲಿಗೆಯನ್ನು ಬಿಟ್ ಮೇಲಕ್ಕೆ ಹಾಕಿಕೊಂಡುಬಿಡುತ್ತಿತ್ತು. ಅದಕ್ಕೆ ನಡುವೆ ಚೂರು ಕಮಾನು ಇರುವ, ಕೀಲಿಲ್ಲದ ಬಿಟ್ ತಂದರು. ನಾಲಿಗೆಗೆ ಜಾಗ ಸಿಕ್ಕ ಮೇಲೆ ಆ ಅಭ್ಯಾಸ ನಿಂತಿತು.

ಲೋಹದ ಬಗ್ಗೆ ಉದ್ದ ಹೇಳುವುದಿಲ್ಲ. ಸ್ಟೇನ್‌ಲೆಸ್ ಸ್ಟೀಲ್ ಒಳ್ಳೆಯದು. ತಾಮ್ರ ಮತ್ತು ಸ್ವೀಟ್ ಐರನ್ (ಲೇಪವಿಲ್ಲದ ಮೆತು ಕಬ್ಬಿಣ) ಬಾಯಲ್ಲಿ ಜೊಲ್ಲು ತರಿಸುತ್ತವೆ, ಕುದುರೆ ಬಾಯಿ ಸಡಿಲ ಬಿಡುತ್ತದೆ. ಸ್ವೀಟ್ ಐರನ್ ತುಕ್ಕು ಹಿಡಿಯುವುದು ಸಹಜ, ಆ ತುಕ್ಕಿನಿಂದ ತೊಂದರೆ ಇಲ್ಲ. ತೊಂದರೆ ಇರುವುದು ಅಗ್ಗದ ಕಬ್ಬಿಣಕ್ಕೆ ನಿಕ್ಕಲ್ ಲೇಪ ಕೊಟ್ಟ ಬಿಟ್‌ನಲ್ಲಿ. ಮುಳಶಿಯ ಮಳೆ ಗೊತ್ತಲ್ಲ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಲೇಪ ಎದ್ದು ಸಿಪ್ಪೆ ಸಿಪ್ಪೆಯಾಗುತ್ತದೆ. ಆ ಅಂಚು ಬ್ಲೇಡು. ಕೈಬೆರಳು ಆಡಿಸಿ ನೋಡಿದಾಗ ತರಚಿದರೆ ಅದನ್ನು ಆವತ್ತೇ ಎಸೆಯಿರಿ.

ಸರಿಯಾದ ಬಿಟ್ ತಂದು ತಪ್ಪು ಎತ್ತರದಲ್ಲಿ ಕಟ್ಟಿದರೆ ಎಲ್ಲ ವ್ಯರ್ಥ. ಕಟವಾಯಿಯಲ್ಲಿ ಒಂದೆರಡು ಸುಕ್ಕು ಬೀಳಬೇಕು ಅನ್ನುತ್ತಾರೆ. ಸುಕ್ಕು ಲೆಕ್ಕ ಹಾಕುವುದು ಶುರುವಿಗೆ ಸಾಕು, ಆದರೆ ತುಟಿ ಮಾಂಸಲವಾದ ಕುದುರೆಗೆ ಸುಕ್ಕು ಬೇಗ ಬೀಳುತ್ತದೆ, ತೆಳು ತುಟಿಗೆ ತಡವಾಗಿ. ಬಿಟ್ ಕಟವಾಯಿಗೆ ತಾಗಿಕೊಂಡಿರಬೇಕು, ಅದನ್ನು ಮೇಲಕ್ಕೆ ಜಗ್ಗಿ ನಗುಮುಖ ಮಾಡಿಸಬಾರದು. ತೀರಾ ಕೆಳಗೆ ಬಿಟ್ಟರೆ ಗಂಡಿನ ಕೋರೆ ಹಲ್ಲಿಗೆ ಬಡಿಯುತ್ತದೆ, ನಾಲಿಗೆಯೂ ಅದರ ಮೇಲೆ ಬರುತ್ತದೆ. ಎದುರಿಗೆ ನಿಂತು ಎರಡೂ ಕಡೆ ಸಮ ಇದೆಯಾ ನೋಡಿ. ಇದನ್ನು ಬಹಳ ಜನ ನೋಡುವುದೇ ಇಲ್ಲ.

ಮೂಗುಪಟ್ಟಿಯದೂ ಇದೇ ಕಥೆ. ಬಾಯಿ ತೆರೆಯುತ್ತದೆ ಅಂತ ಅದನ್ನು ಬಿಗಿದು ಕಟ್ಟುತ್ತಾರೆ. ಮೂಗಿನ ಎಲುಬಿನ ಮೇಲೆ, ಮುಂಭಾಗದಲ್ಲೇ, ಎರಡು ಬೆರಳು ಆರಾಮಾಗಿ ಹೋಗಬೇಕು. ಪಕ್ಕದಲ್ಲಿ ಬೆರಳು ಹಾಕಿ ಹೋಯಿತು ಅಂದರೆ ಲೆಕ್ಕಕ್ಕಿಲ್ಲ, ಅಲ್ಲಿ ಮೆತ್ತಗೆ ಇರುತ್ತದೆ. ಬಾಯಿ ತೆರೆಯುವುದು ಕುದುರೆಗೆ ಉಳಿದಿರುವ ಒಂದೇ ಮಾತು. ಅದನ್ನೂ ಕಟ್ಟಿಹಾಕಿದರೆ ಏನಾಗುತ್ತಿದೆ ಅಂತ ನಮಗೆ ತಿಳಿಯುವುದು ಹೇಗೆ?

ಇನ್ನು ಪೆಲ್‌ಹಮ್, ಕಿಂಬಲ್‌ವಿಕ್, ಗ್ಯಾಗ್ ಅನ್ನುವ ಗಟ್ಟಿ ಬಿಟ್‌ಗಳು. ಪುಣೆಯಲ್ಲಿ ಪೋಲೋ ಆಡುವವರಿದ್ದಾರೆ, ಹಾಗಾಗಿ ಇವು ಕೈಯಿಂದ ಕೈಗೆ ಸುಲಭವಾಗಿ ಸಿಗುತ್ತವೆ. ಬುಧವಾರ, ಭಾನುವಾರ ಸೇರುವ ಜುನಾ ಬಜಾರಿನಲ್ಲಿ ಹಳೇ ಕಬ್ಬಿಣದ ರಾಶಿಯಲ್ಲಿ, ಬಾಯಿಯ ಹೊರಗೆ ಇಳಿಬೀಳುವ ಉದ್ದ ಕಾಲಿನ ಒಂದು ಬಿಟ್ ನೋಡಿದ್ದೆ. ತೂಕವೇ ಕೈ ಸೋಲಿಸುವಷ್ಟು. ಇವುಗಳಲ್ಲಿ ಕಾಲಿರುವವು ಸನ್ನೆಗೋಲಿನ ಲೆಕ್ಕದಲ್ಲಿ ಕೆಲಸ ಮಾಡುತ್ತವೆ. ಬಾಯಿಂದ ಕೆಳಗಿನ ಕಾಲು ಮೇಲಿನದಕ್ಕಿಂತ ಎಷ್ಟು ಉದ್ದವೋ, ಕೈಯ ಎಳೆತ ಅಷ್ಟು ಹೆಚ್ಚಾಗಿ ಬಾಯಿಗೆ ಹೋಗುತ್ತದೆ. ಜೊತೆಗೆ ಪೆಲ್‌ಹಮ್‌ನ ಸರಪಳಿ ಗದ್ದದ ಕೆಳಗಿನ ತಗ್ಗಿನಲ್ಲಿ ಒತ್ತುತ್ತದೆ, ತಲೆಪಟ್ಟಿ ಕಿವಿ ಹಿಂದೆ ಅದುಮುತ್ತದೆ. ಸರಪಳಿಯ ಕೊಂಡಿಗಳನ್ನು ತಿರುಚಿ ಚಪ್ಪಟೆ ಮಾಡಿ, ಬಿಟ್‌ನ ಕಾಲು ಸುಮಾರು 45 ಡಿಗ್ರಿ ತಿರುಗಿದಾಗಷ್ಟೇ ಬಿಗಿಯಾಗುವ ಹಾಗೆ ಹಾಕಬೇಕು. ಇದನ್ನು ಹಗುರ ಬೆರಳಿನಿಂದ ಬಳಸಬಲ್ಲವರಿದ್ದಾರೆ. ಅವರ ಕೈಯಲ್ಲಿ ಅದು ಪಿಸುಮಾತು. ಆದರೆ ಟ್ರಾಟ್ ಅನ್ನುವ ಕುಲುಕು ಓಟದಲ್ಲಿ ಇನ್ನೂ ಪುಟಿಯುತ್ತಾ, ಬೀಳದಿರಲು ಲಗಾಮನ್ನೇ ಹಿಡಿದು ಕೂರುವ ಹೊಸಬರಿಗೆ ಪೆಲ್‌ಹಮ್ ಹಾಕಿದ ಕುದುರೆ ಕೊಡುವುದು ತಪ್ಪು. ಹೊಸಬರಿಗೆ ಕುತ್ತಿಗೆ ಸುತ್ತ ಒಂದು ಬೆಲ್ಟ್ ಕಟ್ಟಿಕೊಡಿ, ಬೇಕಾದಾಗ ಅದನ್ನು ಹಿಡಿದುಕೊಳ್ಳಲಿ. ಕುದುರೆಯ ಬಾಯಿ ಉಳಿಯುತ್ತದೆ.

ಮುಳ್ಳು ಲಗಾಮಿನ ಬಗ್ಗೆ ಹೇಳದಿದ್ದರೆ ಈ ಬರಹ ಅರ್ಧ. ಮದುವೆ ಮೆರವಣಿಗೆಯ ಕುದುರೆಗಳ ಬಾಯಲ್ಲಿ ಈಗಲೂ ಅಲ್ಲಲ್ಲಿ ಕಾಣುತ್ತೇವೆ. ಸರಳಿನ ಮೇಲೆ ಸಾಲಾಗಿ ಚೂಪು ಮುಳ್ಳು. ಬ್ಯಾಂಡು, ಪಟಾಕಿ, ದೀಪಗಳ ನಡುವೆ ಕುದುರೆ ಅಲ್ಲಾಡದೆ ನಿಲ್ಲಲಿ ಅಂತ. ಇದು ಕಾನೂನಿಗೆ ವಿರುದ್ಧ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಕೆಳಗೆ 1965ರಲ್ಲಿ ಬಂದ ನಿಯಮಗಳಲ್ಲಿ, ಎಂಟನೇ ನಿಯಮ ಇದನ್ನು ಸ್ಪಷ್ಟವಾಗಿ ಹೇಳುತ್ತದೆ: ಸವಾರಿಗಾಗಲಿ ಗಾಡಿಗಾಗಲಿ ಮುಳ್ಳಿರುವ ಕೋಲು, ಮುಳ್ಳಿರುವ ಬಿಟ್, ಗಾಯ ಮಾಡುವ ಯಾವ ಸಲಕರಣೆಯನ್ನೂ ಬಳಸುವ ಹಾಗಿಲ್ಲ. ನಿಮ್ಮ ಮನೆ ಮದುವೆಗೆ ಕುದುರೆ ಗೊತ್ತು ಮಾಡುವಾಗ ಮೊದಲು ಅದರ ಬಾಯಿ ತೋರಿಸಿ ಅಂತ ಕೇಳಿ. ಮುಳ್ಳಿದ್ದರೆ ಬೇಡ ಅನ್ನಿ. ದುಡ್ಡು ಕೊಡುವವರು ಕೇಳಿದರೆ ಬದಲಾಗುತ್ತದೆ. ನಮ್ಮ ಓಣಿಯಲ್ಲೇ ಒಂದು ಮನೆಯವರು ಹಾಗೆ ಕೇಳಿದ್ದಕ್ಕೆ ಕುದುರೆಯವನು ಬೇರೆ ಲಗಾಮು ಹಾಕಿಕೊಂಡು ಬಂದ. ಕುದುರೆ ಚೆನ್ನಾಗಿಯೇ ನಿಂತಿತ್ತು.

ಗದ್ದಲದಲ್ಲಿ ಕುದುರೆಯನ್ನು ನಿಲ್ಲಿಸುವುದು ಅಭ್ಯಾಸ ಮತ್ತು ನಂಬಿಕೆ. ಇದನ್ನು ನೋಡಬೇಕಿದ್ದರೆ ಪಂಢರಪುರಕ್ಕೆ ನಡೆದು ಹೋಗುವ ಆಷಾಢದ ವಾರಿಗೆ ಹೋಗಿ. ಆಳಂದಿಯಿಂದ ಹೊರಡುವ ಜ್ಞಾನೇಶ್ವರ ಮಾವುಲಿಯ ಪಾಲಕಿಯ ಕುದುರೆಗಳು ಬರುವುದು ನಮ್ಮ ಬೆಳಗಾವಿ ಜಿಲ್ಲೆಯ ಅಂಕಲಿಯಿಂದ, ಶಿತೋಳೆ ಮನೆತನದಿಂದ. ಪುಣೆಯ ಕನ್ನಡದವರಲ್ಲೇ ಎಷ್ಟೋ ಜನಕ್ಕೆ ಇದು ಗೊತ್ತಿಲ್ಲ. ಒಂದು ಕುದುರೆಯ ಮೇಲೆ ಧ್ವಜ ಹಿಡಿದ ಸವಾರ. ಇನ್ನೊಂದು ಮಾವುಲಿಯ ಕುದುರೆ, ಅದರ ಮೇಲೆ ಯಾರೂ ಕೂರುವುದಿಲ್ಲ. ರಿಂಗಣ ಅನ್ನುವ ಸುತ್ತೋಟದಲ್ಲಿ ಸುತ್ತ ಸಾವಿರಾರು ವಾರಕರಿಗಳು, ತಾಳ, ಮೃದಂಗ. ನಡುವೆ ಆ ಕುದುರೆ ಲಗಾಮು ಹಿಡಿಯುವ ಕೈಯೇ ಇಲ್ಲದೆ ಸುತ್ತು ಓಡುತ್ತದೆ. ಅದು ಮುಗಿದ ಮೇಲೆ ಗೊರಸಿನ ಕೆಳಗಿನ ಮಣ್ಣನ್ನು ಹಣೆಗೆ ಹಚ್ಚಿಕೊಳ್ಳಲು ಜನ ನುಗ್ಗುತ್ತಾರೆ. ನಾನು ನಿಂತು ನೋಡುವುದು ಕುದುರೆಯ ಕಿವಿಯನ್ನು.

ಹೊಸ ಬಿಟ್ ಹಾಕಿದ ದಿನ ಸೀದಾ ಗುಡ್ಡದ ದಾರಿಗೆ ಹೋಗಬೇಡಿ. ಸುತ್ತ ಬೇಲಿ ಇರುವ ಕಡೆ ನಿಧಾನ ನಡೆಸಿ, ದೊಡ್ಡ ಸುತ್ತು, ಎರಡೂ ಕಡೆ. ಡಿಸೆಂಬರ್‌ನ ಮುಂಜಾನೆಯಾದರೆ ಬಿಟ್ ಅನ್ನು ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಿ ಹಾಕಿ. ತುಟಿ ಒದ್ದೆಯಾಗಿ, ಬಾಯಿ ಮೆಲ್ಲಗೆ ಆಡುತ್ತಾ, ಕುತ್ತಿಗೆ ಚಾಚಿ ನಡೆದರೆ ಒಪ್ಪಿಗೆಯಾಗಿದೆ ಅಂತ ತಿಳಿಯಬಹುದು. ಹಲ್ಲು ಕಡಿಯುವುದು, ನಾಲಿಗೆ ಹೊರಗೆ ಹಾಕುವುದು, ಬಾಲ ಬಡಿಯುವುದು, ಒಂದೇ ಲಗಾಮಿಗೆ ಜೋತು ಬೀಳುವುದು ಕಂಡರೆ ಇಳಿದು ನೋಡಿ.

ಸವಾರಿ ಮುಗಿದ ಮೇಲೂ ಬಾಯಿ ನೋಡಬೇಕು. ಇದಕ್ಕೆ ಒಂದು ಕಾರಣ ಇದೆ. ಫಿನ್‌ಲೆಂಡಿನಲ್ಲಿ ಗಾಡಿ ರೇಸಿನ 261 ಕುದುರೆಗಳ ಬಾಯನ್ನು ರೇಸ್ ಮುಗಿದ ಕೂಡಲೇ ಪರೀಕ್ಷಿಸಿ, 2019ರಲ್ಲಿ ಅದನ್ನು ಪ್ರಕಟಿಸಿದರು. 84 ಶೇಕಡಾ ಕುದುರೆಗಳಿಗೆ ಬಿಟ್ ಕೂರುವ ಜಾಗದಲ್ಲಿ ಹೊಸ ಗಾಯಗಳಿದ್ದವು. ಬಾಯಿಂದ ಹೊರಗೆ ರಕ್ತ ಕಂಡದ್ದು ತೀರಾ ಕೆಲವಕ್ಕೆ ಮಾತ್ರ. ಹೊರಗಿಂದ ನೋಡಿ ಏನೂ ಆಗಿಲ್ಲ ಅನ್ನುವ ಹಾಗೇ ಇಲ್ಲ. ಅದಕ್ಕೇ ಕಾಕಾ ಬ್ರೈಡಲ್ (ಬಿಟ್, ಲಗಾಮು ಸೇರಿದ ತಲೆಯ ಸರಂಜಾಮು) ತೆಗೆದ ಮೇಲೆ ಪ್ರತಿ ಸಲವೂ ಎರಡೂ ಕಟವಾಯಿ ಮಡಚಿ, ವಸಡಿನ ಮೇಲೆ ಬೆರಳು ಆಡಿಸಿ ನೋಡುತ್ತಾರೆ. ಅರ್ಧ ನಿಮಿಷದ ಕೆಲಸ. ಆಮೇಲೆ ಬಿಟ್ ಅನ್ನು ಬರೀ ನೀರಲ್ಲಿ ತೊಳೆದು ಒರೆಸಿ ತೂಗುಹಾಕುತ್ತಾರೆ. ಒಣಗಿದ ಜೊಲ್ಲು ಮತ್ತು ಹುಲ್ಲು ಗಟ್ಟಿಯಾದರೆ ಅದೂ ಮರುದಿನ ಉಜ್ಜುತ್ತದೆ.

ಬಿಟ್ಟೇ ಇಲ್ಲದೆ ಓಡಿಸಬಹುದಲ್ವಾ ಅಂತ ಕೇಳುವವರಿದ್ದಾರೆ. ಖಂಡಿತ ಓಡಿಸಬಹುದು. ಮೂಗಿನ ಮೇಲೆ ಒತ್ತುವ ಸೈಡ್‌ಪುಲ್ ಹಾಕಿ ಕಸ್ತೂರಿಯನ್ನು ಬೇಲಿಯೊಳಗೆ ನಾವೂ ಓಡಿಸುತ್ತೇವೆ, ಖುಷಿಯಾಗಿರುತ್ತಾಳೆ. ಆದರೆ ಬಿಟ್ ಇಲ್ಲ ಅಂದ ಮಾತ್ರಕ್ಕೆ ನೋವಿಲ್ಲ ಅಂತಲ್ಲ. ಬಿಟ್ ಇಲ್ಲದೆ ಮೂಗಿನ ಮೇಲೆ ಒತ್ತುವ, ಉದ್ದ ಕಾಲಿನ ಹ್ಯಾಕಮೋರ್ ಕೂಡ ಸನ್ನೆಗೋಲೇ. ಮೂಗಿನ ಎಲುಬು ಕೆಳಗೆ ಹೋದಷ್ಟೂ ತೆಳು, ಮೂಗಿನ ಪಟ್ಟಿಯನ್ನು ತೀರಾ ಕೆಳಗೆ ಕಟ್ಟಿದರೆ ಪೆಟ್ಟಾಗುತ್ತದೆ, ಉಸಿರಿಗೂ ಅಡ್ಡ. ಮೂಗಿನ ಹೊಳ್ಳೆಯಿಂದ ನಾಲ್ಕು ಬೆರಳು ಮೇಲೆ ಇರಲಿ.

ಮೊದಲ ಬಿಟ್ ಕೊಳ್ಳುವವರು ಹೊಸದನ್ನೇ ತರಬೇಕು ಅಂತಿಲ್ಲ. ಲಾಯದಲ್ಲಿ ಗೋಣಿಚೀಲ ತುಂಬ ಹಳೇ ಬಿಟ್‌ಗಳಿರುತ್ತವೆ. ಅಳತೆಗೆ ಸರಿಹೊಂದುವುದನ್ನು ಹುಡುಕಿ, ಕುದಿಯುವ ನೀರಿನಲ್ಲಿ ತೊಳೆದು, ಒಂದೆರಡು ವಾರ ಹಾಕಿ ನೋಡಿ. ಕುದುರೆ ಒಪ್ಪಿದ ಮೇಲೆ ಅದೇ ಬಗೆಯದನ್ನು ಹೊಸದಾಗಿ ತರಿಸಿ. ಕಾನ್ಪುರದಿಂದ ಬರುವ ಸ್ಟೀಲಿನವು ಕೈಗೆಟಕುವ ಬೆಲೆಗೆ ಸಿಗುತ್ತವೆ, ಕೀಲು ನುಣುಪಾಗಿದೆಯಾ ಅಂತ ಒಂದೊಂದನ್ನೂ ಬೆರಳಿನಿಂದ ನೋಡಿ ಆರಿಸಬೇಕು ಅಷ್ಟೇ. ಸಾರಂಗಖೇಡಾದ ಕುದುರೆ ಜಾತ್ರೆಯಿಂದ ಮಾರವಾಡಿ, ಕಾಠಿಯಾವಾಡಿ ತಳಿಯ ಕುದುರೆ ತಂದ ಕನ್ನಡದವರು ಇದನ್ನು ಓದುತ್ತಿದ್ದರೆ, ನಿಮ್ಮ ಕುದುರೆಯ ಸುತಳಿ ಅಳತೆ ಎಷ್ಟು ಬಂತು, ಯಾವ ಬಗೆ ಹೊಂದಿತು ಅಂತ ಬರೆಯಿರಿ. ನನ್ನ ಕೈಯಲ್ಲಿರುವ ಅಳತೆಗಳೆಲ್ಲ ಥರೋಬ್ರೆಡ್‌ಗಳವೇ.